ವಕಾಲತ್ತಿಗೆ ಸಹಿ ಹಾಕಿದ ಮೇಲೆ

ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟುಕೊಟ್ಟ ಹೊಸದುರ್ಗದ ರೈತನಿಗೆ ಪರಿಹಾರ ಸಾಲದು ಅನ್ನಿಸಿದರೆ ಕಾನೂನಿನಲ್ಲಿ ದಾರಿಯಿದೆ. ಆದರೆ ಆ ದಾರಿ ಬಹಳ ದಿನ ತೆರೆದಿರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಹೋಗಿದ್ದು, ಐತೀರ್ಪು ಹೊರಬಿದ್ದ ದಿನ ರೈತನೋ ಅವನ ವಕೀಲರೋ ಅಧಿಕಾರಿಯ ಎದುರು ಹಾಜರಿದ್ದರೆ, ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕಲು ಆರು ವಾರ ಮಾತ್ರ ಇರುತ್ತದೆ. ಸಕಾರಣ ತೋರಿಸಿದರೆ ಇನ್ನೊಂದು ವರ್ಷದ ಅವಕಾಶ ಸಿಗಬಹುದು, ಆಮೇಲೆ ಏನೂ ಇಲ್ಲ. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಗಲೀಕರಣಕ್ಕೆ ಜಮೀನು ಹೋದವರಿಗೆ ಗಡುವಿನಾಚೆಗಿನ ಅವಕಾಶ ಇನ್ನೂ ಕಡಿಮೆ. ಪರಿಹಾರದ ತಕರಾರಿನಲ್ಲಿ ಮಧ್ಯಸ್ಥಗಾರರು ಕೊಟ್ಟ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಮೂರು ತಿಂಗಳು, ಕಾರಣ ತೋರಿಸಿದರೆ ಮತ್ತೆ 30 ದಿನ. ಮೂವತ್ತೊಂದನೇ ದಿನ ಬಂದವರ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಅಧಿಕಾರ ಯಾವ ನ್ಯಾಯಾಧೀಶರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ಅಪಘಾತ ಪರಿಹಾರದ ಅರ್ಜಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದ್ದರೂ ಅದನ್ನೇ ನಂಬಿ ಕೂರುವುದು ವಿವೇಕವಲ್ಲ.

ಇವು ಯಾವುವೂ ಕಾನೂನಿನ ಗಹನ ಪ್ರಶ್ನೆಗಳಲ್ಲ. ಐದು ವರ್ಷ ವಕೀಲಿ ಮಾಡಿದ ಯಾರಿಗಾದರೂ ಈ ಗಡುವುಗಳು ಬಾಯಿಪಾಠ. ಹಾಗಿದ್ದೂ ಗಡುವು ತಪ್ಪುತ್ತದೆ. ತಪ್ಪುವುದು ಕಾನೂನು ಗೊತ್ತಿಲ್ಲದ್ದರಿಂದಲ್ಲ. ತಾರೀಖನ್ನು ಯಾರೋ ಬರೆದುಕೊಳ್ಳಲಿಲ್ಲ, ಬರೆದದ್ದು ಗುಮಾಸ್ತನ ಡೈರಿಯಲ್ಲೇ ಉಳಿಯಿತು, ಕಕ್ಷಿದಾರನಿಗೆ ಹೇಳಿದ್ದೇವೆಂದು ವಕೀಲರು ಅಂದುಕೊಂಡರು, ವಕೀಲರು ನೋಡಿಕೊಳ್ಳುತ್ತಾರೆಂದು ಕಕ್ಷಿದಾರ ಅಂದುಕೊಂಡ. ಮೇಲ್ಮನವಿಯ ವಿಳಂಬ ಮನ್ನಿಸಿ ಎಂದು ಕೋರುವ ಅರ್ಜಿಗಳ ಅಫಿಡವಿಟ್ ಓದಿದವರಿಗೆ ಒಂದು ಸಾಲು ಚಿರಪರಿಚಿತ: ತೀರ್ಪಾದದ್ದು ವಕೀಲರಿಂದ ತಿಳಿಯಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ವಕೀಲರ ತಪ್ಪಿಗೆ ವಿಮೆ ಕೊಡುವ ಲಾಪ್ರೊ ಎಂಬ ಸಂಸ್ಥೆ ದಶಕಗಳಿಂದ ಕ್ಲೇಮುಗಳ ಲೆಕ್ಕ ಇಟ್ಟಿದೆ. ಅಲ್ಲಿ ಮೊದಲ ಸ್ಥಾನದಲ್ಲಿರುವ ಕಾರಣ ಕಾನೂನಿನ ಅಜ್ಞಾನವಲ್ಲ, ವಕೀಲ ಮತ್ತು ಕಕ್ಷಿದಾರರ ನಡುವೆ ಮಾತು ಸರಿಯಾಗಿ ಮುಟ್ಟದಿರುವುದು. ಗಡುವು ಮತ್ತು ಸಮಯದ ನಿರ್ವಹಣೆಯೂ ಮುಖ್ಯ ಕಾರಣಗಳಲ್ಲೊಂದು. ಟೊರಾಂಟೊದ ದೊಡ್ಡ ಕಚೇರಿಗಳಲ್ಲೇ ಹೀಗಾದರೆ, ಒಬ್ಬರೇ ವಕೀಲರು ಒಬ್ಬ ಜೂನಿಯರನ್ನು ಇಟ್ಟುಕೊಂಡು ಬೆಳಿಗ್ಗೆ ಹೊಳಲ್ಕೆರೆ, ಮಧ್ಯಾಹ್ನ ಚಿತ್ರದುರ್ಗ ಎಂದು ಓಡಾಡುವ ಕಡೆ ಹೇಗಿರಬೇಡ?

ಈ ಪ್ರಶ್ನೆಗೆ ಹೊಸ ತೂಕ ಬಂದದ್ದು 2024ರ ಮೇ 14ರಂದು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಮೂರ್ತಿಗಳಾದ ಬೇಲಾ ಎಂ. ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಅಂದು ತೀರ್ಪಿತ್ತಿತು. ಮೂಲ ವ್ಯಾಜ್ಯ ಇಪ್ಪತ್ತು ಸಾವಿರ ರೂಪಾಯಿಯ ಚೆಕ್ಕಿನದು. ಕಕ್ಷಿದಾರನೊಬ್ಬ ತನ್ನ ವಕೀಲರ ಮೇಲೆಯೇ ಗ್ರಾಹಕ ವೇದಿಕೆಗೆ ಹೋಗಿದ್ದ. ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ವಕೀಲರೂ ಉತ್ತರದಾಯಿಗಳು ಎಂದಿತ್ತು. ಅದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ವಕೀಲರ ಸಂಘಗಳು ಇದನ್ನು ಗೆಲುವೆಂದು ಸ್ವಾಗತಿಸಿದವು. ಸೋತ ಪ್ರತಿಯೊಬ್ಬ ಕಕ್ಷಿದಾರನೂ ವಕೀಲರನ್ನು ಗ್ರಾಹಕ ಆಯೋಗಕ್ಕೆ ಎಳೆಯುವಂತಾದರೆ ಯಾರೂ ಧೈರ್ಯದಿಂದ ವಾದಿಸಲಾರರು ಎಂಬ ಆತಂಕ ನಿಜವಾದದ್ದೇ. ಒಂದೇ ಮೊಕದ್ದಮೆಯಲ್ಲಿ ಇಬ್ಬರು ವಕೀಲರಿರುತ್ತಾರೆ, ಒಬ್ಬರು ಸೋಲಲೇಬೇಕು, ಸೋಲು ತಪ್ಪಲ್ಲ. ಅಷ್ಟರ ಮಟ್ಟಿಗೆ ತೀರ್ಪು ಒಪ್ಪತಕ್ಕದ್ದು ಎಂದೇ ನನ್ನ ಅಭಿಪ್ರಾಯ.

ಆದರೆ ಆ ತೀರ್ಪು ನಿಂತಿರುವ ಆಧಾರವನ್ನು ಗಮನವಿಟ್ಟು ನೋಡಬೇಕು. ವಕೀಲರು ಕಕ್ಷಿದಾರನ ಸೂಚನೆಯಂತೆ ನಡೆಯಬೇಕಾದವರು, ಸ್ಪಷ್ಟ ಒಪ್ಪಿಗೆಯಿಲ್ಲದೆ ಏನನ್ನೂ ಬಿಟ್ಟುಕೊಡುವಂತಿಲ್ಲ, ಅವರ ಕೆಲಸದ ಮೇಲೆ ಕಕ್ಷಿದಾರನಿಗೆ ನೇರ ನಿಯಂತ್ರಣವಿದೆ, ಆದ್ದರಿಂದ ಇದು ಗ್ರಾಹಕ ಕಾಯ್ದೆ ಹೊರಗಿಟ್ಟ ವೈಯಕ್ತಿಕ ಸೇವೆಯ ಒಪ್ಪಂದ ಎಂಬುದು ಕೋರ್ಟಿನ ತರ್ಕ. ವಕೀಲರಿಗೆ ಸಿಕ್ಕ ರಕ್ಷಣೆಯ ಬುಡದಲ್ಲೇ ಕಕ್ಷಿದಾರನ ನಿಯಂತ್ರಣವಿದೆ. ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದವನು ಯಾವುದನ್ನು ನಿಯಂತ್ರಿಸಿಯಾನು? ಮುಂದಿನ ತಾರೀಖು ಯಾಕೆ, ಸಾಕ್ಷಿ ಮುಗಿಯಿತೇ, ತೀರ್ಪು ಯಾವಾಗ, ಸೋತರೆ ಎಷ್ಟು ದಿನ ಎಂಬುದು ತಿಳಿದಾಗಲಷ್ಟೇ ಆ ಮಾತಿಗೆ ಅರ್ಥ. ಖಾಲಿ ವಕಾಲತ್ತಿನ ನಮೂನೆಯಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಅಥವಾ ಹೆಬ್ಬೆಟ್ಟು ಒತ್ತಿಸಿಕೊಂಡು, ಮುಂದೆ ‘ನಾನಿದ್ದೀನಿ, ನೀವು ಹೋಗಿಬನ್ನಿ’ ಎನ್ನುವ ಪದ್ಧತಿಗೂ ಸುಪ್ರೀಂ ಕೋರ್ಟ್ ಬಣ್ಣಿಸಿದ ಸಂಬಂಧಕ್ಕೂ ತಾಳೆಯಾಗುವುದಿಲ್ಲ. ಗ್ರಾಹಕ ಆಯೋಗದಿಂದ ವಿನಾಯಿತಿ ಬೇಕೆಂದರೆ ಕಕ್ಷಿದಾರನಿಗೆ ಬರಹದಲ್ಲಿ ಮಾಹಿತಿ ಕೊಡುವ ಹೊಣೆಯನ್ನೂ ಹೊರಬೇಕು. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಗ್ರಾಹಕ ಆಯೋಗದ ಬಾಗಿಲು ಮುಚ್ಚಿದರೇನು, ಬೇರೆ ಪರಿಹಾರಗಳಿವೆಯಲ್ಲ ಎಂಬ ಉತ್ತರ ಬರುತ್ತದೆ. ಇವೆ, ನಿಜ. ಇಂಗ್ಲೆಂಡಿನಲ್ಲಿ 2000ದವರೆಗೂ ಕೋರ್ಟಿನಲ್ಲಿ ವಾದಿಸುವಾಗಿನ ತಪ್ಪಿಗೆ ವಕೀಲರ ಮೇಲೆ ದಾವೆ ಹೂಡುವಂತಿರಲಿಲ್ಲ. ನಮ್ಮಲ್ಲಿ 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಮೇ, ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ವಕೀಲನೆಂಬ ಒಂದೇ ಕಾರಣದಿಂದ ಯಾರಿಗೂ ವಿನಾಯಿತಿ ಇಲ್ಲ ಎಂದಿತು. ಸಿವಿಲ್ ದಾವೆ ಹೂಡಬಹುದು, ತಪ್ಪು ತಿಳಿದ ದಿನದಿಂದ ಮೂರು ವರ್ಷದೊಳಗೆ. ಆದರೆ ಕೇಳಿದ ಪರಿಹಾರದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು, ಅದೇ ಕೋರ್ಟ್ ಆವರಣದಲ್ಲಿ, ದಿನವೂ ಜೊತೆಗೆ ಕೂತು ಚಹಾ ಕುಡಿಯುವ ಸಹೋದ್ಯೋಗಿಯ ವಿರುದ್ಧ ವಕಾಲತ್ತು ಹಾಕುವ ಇನ್ನೊಬ್ಬ ವಕೀಲರನ್ನು ಹುಡುಕಬೇಕು. ಮೂರ್ನಾಲ್ಕು ರಸ್ತೆಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವ ತಾಲ್ಲೂಕು ಕೇಂದ್ರದಲ್ಲಿ ಅದು ಎಷ್ಟು ಕಷ್ಟ ಎಂಬುದನ್ನು ವಿವರಿಸಬೇಕಿಲ್ಲ. ಇನ್ನು 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಛೀಮಾರಿಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆಯಿದೆ. ಆದರೆ ನೈತಿಕ ಅಧಃಪತನವಿಲ್ಲದ ಬರಿಯ ಅಜಾಗರೂಕತೆ ವೃತ್ತಿ ದುರ್ನಡತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಿಂದಿನಿಂದ ಹೇಳುತ್ತ ಬಂದಿದೆ. ಮರೆತು ಗಡುವು ಮೀರಿಸಿದ ಸಜ್ಜನ ವಕೀಲರು ಅಲ್ಲಿ ಶಿಕ್ಷೆಗೆ ಒಳಗಾಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಅವರಿಗೆ ಶಿಕ್ಷೆಯಾದರೂ ರೈತನ ಪರಿಹಾರದ ಹಣ ಮರಳುವುದಿಲ್ಲ.

ವಿಳಂಬವನ್ನು ಕೋರ್ಟ್ ಮನ್ನಿಸುತ್ತದೆ, ವಕೀಲರ ತಪ್ಪಿಗೆ ಕಕ್ಷಿದಾರನನ್ನು ದಂಡಿಸುವುದಿಲ್ಲ ಎಂಬ ಭರವಸೆ ಬಾರ್ ಕೋಣೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅದರ ಮೂಲ 1981ರ ರಫೀಕ್ ಪ್ರಕರಣ. ಹಳ್ಳಿಯ ಬಡ ಕಕ್ಷಿದಾರ ವಕೀಲರನ್ನು ನೇಮಿಸಿ ಶುಲ್ಕ ಕೊಟ್ಟ ಮೇಲೆ ಅವನ ಕರ್ತವ್ಯ ಮುಗಿಯಿತು, ವಕೀಲರ ಗೈರುಹಾಜರಿಗೆ ಅವನು ಬಲಿಯಾಗಬಾರದು ಎಂಬುದು ಅಲ್ಲಿನ ನಿಲುವು. ಆ ಔದಾರ್ಯದ ಕಾಲ ಸರಿದುಹೋಗುತ್ತಿದೆ. 2024ರ ಏಪ್ರಿಲ್‌ನಲ್ಲಿ, ಅಂದರೆ ಗ್ರಾಹಕ ಕಾಯ್ದೆಯ ತೀರ್ಪಿಗೆ ಐದು ವಾರ ಮೊದಲು, ಅದೇ ಇಬ್ಬರು ನ್ಯಾಯಮೂರ್ತಿಗಳ ಪೀಠ ಆಂಧ್ರದ ತೆಲುಗು ಗಂಗಾ ಯೋಜನೆಗೆ ಜಮೀನು ಕಳೆದುಕೊಂಡವರ ವಾರಸುದಾರರ ಮೇಲ್ಮನವಿ ಕೇಳಿತು. ವಿಳಂಬ 5659 ದಿನ. ಮನ್ನಿಸಲು ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಪೀಠ, ವಕೀಲರ ಮೇಲೆ ತಪ್ಪು ಹೊರಿಸಿ ಕಕ್ಷಿದಾರ ಕೈತೊಳೆದುಕೊಳ್ಳುವಂತಿಲ್ಲ, ತನ್ನ ಮೊಕದ್ದಮೆಯ ಬಗ್ಗೆ ಅವನೇ ಎಚ್ಚರವಾಗಿರಬೇಕು ಎಂದಿತು. ಎಲ್ಲವನ್ನೂ ಕೂಡಿಸಿ ನೋಡಿ: ವಕೀಲರ ತಪ್ಪಿಗೆ ಗ್ರಾಹಕ ಆಯೋಗವಿಲ್ಲ, ಶಿಸ್ತು ಸಮಿತಿ ಹಣ ಕೊಡಿಸುವುದಿಲ್ಲ, ಸಿವಿಲ್ ದಾವೆ ಕೈಗೆಟುಕುವುದಿಲ್ಲ, ವಿಳಂಬಕ್ಕೆ ಕ್ಷಮೆಯೂ ಕಡಿಮೆಯಾಗುತ್ತಿದೆ. ಕೊನೆಗೆ ನಷ್ಟ ಪೂರ್ತಿಯಾಗಿ ಬಂದು ಬೀಳುವುದು ಅಡಿಕೆ ತೋಟದ, ತೆಂಗಿನ ತೋಟದ ಯಜಮಾನನ ತಲೆಯ ಮೇಲೆ. ತಪ್ಪು ತಡೆಯುವ ಶಕ್ತಿ ಎಲ್ಲಕ್ಕಿಂತ ಕಡಿಮೆ ಇರುವವನು ಅವನೇ.

ತಡೆಯುವ ಶಕ್ತಿ ಇರುವುದು ವಕೀಲರ ಕಚೇರಿಯಲ್ಲಿ. ಅದಕ್ಕೆ ಬೇಕಾದದ್ದು ದುಬಾರಿ ಸಾಫ್ಟ್‌ವೇರ್ ಅಲ್ಲ. ದೃಢೀಕೃತ ನಕಲಿನ ಹಿಂಬದಿಯಲ್ಲಿ ಕೋರ್ಟಿನ ಮೊಹರು ಇರುತ್ತದಲ್ಲ, ಅದನ್ನೇ ನೋಡೋಣ. ನಕಲಿಗೆ ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಲು ಸೂಚಿಸಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಪಡೆದುಕೊಂಡ ದಿನ ಎಲ್ಲ ಅಲ್ಲಿ ಸಾಲಾಗಿರುತ್ತವೆ. ಮೇಲ್ಮನವಿಯ 30 ದಿನ ಅಥವಾ ಹೈಕೋರ್ಟಾದರೆ 90 ದಿನವನ್ನು ಎಣಿಸುವಾಗ ನಕಲಿಗೆ ಅಗತ್ಯವಾಗಿ ಹಿಡಿದ ದಿನಗಳನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಬಿಟ್ಟುಕೊಡುತ್ತದೆ. ಶುಲ್ಕ ಕಟ್ಟದೆ ನಾವೇ ಕಳೆದ ದಿನಗಳನ್ನು, ಸಿದ್ಧವಾದ ಮೇಲೂ ತರಲು ಹೋಗದ ದಿನಗಳನ್ನು ಬಿಟ್ಟುಕೊಡುವುದಿಲ್ಲ. ಮೊಹರಿನ ಕೊನೆಯ ತಾರೀಖಿನಿಂದ ಎಣಿಸಿ ನಿಶ್ಚಿಂತರಾದವರು ಹದಿನೈದು ದಿನ ತಡವಾಗಿ ಎಚ್ಚರಾಗುವುದು ಇಲ್ಲೇ. ಹಾಗಾಗಿ ಕಚೇರಿಯಲ್ಲಿ ಹಿಯರಿಂಗ್ ಡೈರಿಯಲ್ಲದೆ ಇನ್ನೊಂದು ಪುಸ್ತಕ ಬೇಕು, ಕಾಲಮಿತಿಯದ್ದೇ ಒಂದು ರಿಜಿಸ್ಟರ್. ಫೈಲು ಬಂದ ದಿನವೇ ಕೊನೆಯ ದಿನಾಂಕ ಎಣಿಸಿ ಬರೆಯಬೇಕು, ಎಣಿಸಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು, ಅದಕ್ಕಿಂತ ಒಂದು ವಾರ ಮೊದಲು ಮತ್ತೊಮ್ಮೆ ಕಣ್ಣಿಗೆ ಬೀಳುವಂತಿರಬೇಕು. ಹಿಯರಿಂಗ್ ಡೈರಿ ಬಾಕಿ ಇರುವ ಕೇಸುಗಳನ್ನಷ್ಟೇ ನೆನಪಿಸುತ್ತದೆ. ಇನ್ನೂ ಹೂಡದ ದಾವೆ, ಹಾಕದ ಮೇಲ್ಮನವಿ, ಕಕ್ಷಿದಾರ ತೀರಿಕೊಂಡ ಮೇಲೆ 90 ದಿನದೊಳಗೆ ತರಬೇಕಾದ ವಾರಸುದಾರರು ಅದರಲ್ಲಿ ಇರುವುದಿಲ್ಲ. ಅಪಾಯ ಅಡಗಿರುವುದು ಡೈರಿಯಲ್ಲಿ ಇಲ್ಲದ ತಾರೀಖುಗಳಲ್ಲಿ.

ಎರಡನೆಯದು ಒಂದು ಪತ್ರ. ಸರಳ ಕನ್ನಡದ ನಾಲ್ಕು ಸಾಲು ಸಾಕು: ‘ನಿಮ್ಮ ದಾವೆಯಲ್ಲಿ ಇಂದು ನಿಮ್ಮ ವಿರುದ್ಧ ತೀರ್ಪಾಗಿದೆ. ಮೇಲ್ಮನವಿಗೆ 30 ದಿನ ಅವಕಾಶವಿದೆ. ಬೇಕೋ ಬೇಡವೋ ಎಂದು ಇಂಥ ತಾರೀಖಿನೊಳಗೆ ತಿಳಿಸಿ, ನಕಲಿನ ಖರ್ಚು ಇಷ್ಟು. ನೀವು ತಿಳಿಸದಿದ್ದರೆ ನಾವು ಮೇಲ್ಮನವಿ ಹಾಕುವುದಿಲ್ಲ.’ ಇದನ್ನು ಅಂಚೆಯಲ್ಲಿ ಕಳಿಸಬಹುದು, ಮಗನ ವಾಟ್ಸ್ಆ್ಯಪ್‌ಗೂ ಕಳಿಸಬಹುದು, ಅದರ ಒಂದು ಪ್ರತಿ ಫೈಲಿನಲ್ಲಿ ಉಳಿದರೆ ಆಯಿತು. ವಕಾಲತ್ತು ಪಡೆಯುವಾಗಲೂ ಇಂಥದೇ ಒಂದು ಹಾಳೆ ಕೊಡಬೇಕು. ಯಾವ ಕೆಲಸ ಒಪ್ಪಿಕೊಂಡಿದ್ದೇವೆ, ಯಾವುದು ನಮ್ಮದಲ್ಲ, ಶುಲ್ಕ ಎಷ್ಟು, ಖರ್ಚು ಎಷ್ಟು, ಕೇಸಿನ ಸಿಎನ್‌ಆರ್ ಸಂಖ್ಯೆ ಏನು ಎಂಬುದು ಅದರಲ್ಲಿರಲಿ. ಆ ಹದಿನಾರು ಅಕ್ಷರ-ಅಂಕಿಗಳ ಸಂಖ್ಯೆ ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಮುಂದಿನ ತಾರೀಖು ನೋಡಬಹುದು. ಹಳ್ಳಿಯಿಂದ ಬಸ್ ಹತ್ತಿ ಬಂದು ‘ಸಾರ್, ಏನಾಯ್ತು’ ಎಂದು ಕೇಳಿ, ‘ಮುಂದಕ್ಕೆ ಹೋಯ್ತು’ ಎಂಬ ಉತ್ತರ ಪಡೆದು ಮರಳುವುದು ಅವನಿಗೂ ತಪ್ಪುತ್ತದೆ. ಹಣದ ವಿಷಯದಲ್ಲಂತೂ ವಕೀಲರ ಪರಿಷತ್ತಿನ ನಿಯಮವೇ ಇದೆ: ಪಡೆದದ್ದು ಶುಲ್ಕಕ್ಕೋ ಖರ್ಚಿಗೋ ಎಂದು ಲೆಕ್ಕದಲ್ಲಿ ಬೇರೆಬೇರೆ ತೋರಿಸಬೇಕು. ಶುಲ್ಕ ಬಾಕಿಯಿದೆಯೆಂದು ಕೇಸಿನ ಕಟ್ಟನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇದಕ್ಕೆ ವಕೀಲರು ಎತ್ತುವ ಆಕ್ಷೇಪಗಳು ಹಗುರವಾದವಲ್ಲ. ತಾಲ್ಲೂಕು ಕೋರ್ಟಿನ ಶುಲ್ಕದಲ್ಲಿ ಪ್ರತಿ ಕಕ್ಷಿದಾರನಿಗೆ ಪತ್ರ ಬರೆಯುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ ಎನ್ನುತ್ತಾರೆ. ಕಕ್ಷಿದಾರ ನಂಬರ್ ಬದಲಿಸುತ್ತಾನೆ, ಬೆಂಗಳೂರಿಗೆ ಕೂಲಿಗೆ ಹೋಗುತ್ತಾನೆ, ಎರಡು ವರ್ಷ ಮುಖ ತೋರಿಸದೆ ಡಿಕ್ರಿಯಾದ ಮೇಲೆ ಬಂದು ಜಗಳವಾಡುತ್ತಾನೆ ಎನ್ನುತ್ತಾರೆ. ಎರಡೂ ಸತ್ಯ. ಆದರೆ ಎರಡನೆಯ ದೂರೇ ಪತ್ರಕ್ಕೆ ಅತ್ಯಂತ ಬಲವಾದ ಕಾರಣ. ಸಂಪರ್ಕಕ್ಕೆ ಸಿಗದ ಕಕ್ಷಿದಾರ ನಾಳೆ ಅಫಿಡವಿಟ್ಟಿನಲ್ಲಿ ವಕೀಲರ ಮೇಲೆ ಆರೋಪ ಬರೆದಾಗ, ಕಳಿಸಿದ ಪತ್ರದ ಪ್ರತಿಯಲ್ಲದೆ ಅವರನ್ನು ಕಾಯುವುದು ಬೇರೆ ಯಾವುದೂ ಇಲ್ಲ. ಬರೆದಿಟ್ಟದ್ದು ನಮ್ಮ ವಿರುದ್ಧವೇ ಬಳಕೆಯಾಗುತ್ತದೆ ಎಂಬ ಹೆದರಿಕೆ ಇನ್ನು ಕೆಲವರದು. ಬರೆದ ಕಾಗದ ತಪ್ಪು ಮಾಡಿದವರ ವಿರುದ್ಧ ಬಳಕೆಯಾಗುತ್ತದೆ, ಮಾಡದವರ ಪರ ನಿಲ್ಲುತ್ತದೆ. ಕಾಗದವೇ ಇಲ್ಲದಿದ್ದರೆ ಪ್ರಾಮಾಣಿಕರೂ ಅಪ್ರಾಮಾಣಿಕರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇನ್ನು ಖರ್ಚಿನ ಮಾತು: ಮುದ್ರಿಸಿಟ್ಟ ನಮೂನೆಯಲ್ಲಿ ತಾರೀಖು ತುಂಬಲು ಗುಮಾಸ್ತನಿಗೆ ಐದು ನಿಮಿಷ ಸಾಕು.

ಚಿತ್ರದುರ್ಗ ಜಿಲ್ಲೆಯಲ್ಲಿ ಗಡುವಿನಾಚೆಗೂ ಎರಡು ಅಪಾಯಗಳು ಬೆಳೆಯುತ್ತಿವೆ. ಒಂದು, ಹಕ್ಕುಪತ್ರಗಳ ಬಗ್ಗೆ ಕೊಡುವ ಕಾನೂನು ಅಭಿಪ್ರಾಯ. ಗಾಳಿಯಂತ್ರಗಳು ಬೆಟ್ಟ ಏರಿದ ಮೇಲೆ, ಸೌರ ವಿದ್ಯುತ್ ಕಂಪನಿಗಳು ಬಯಲು ಜಮೀನು ಗುತ್ತಿಗೆಗೆ ಕೇಳತೊಡಗಿದ ಮೇಲೆ, ಹೆದ್ದಾರಿ ಬದಿ ನಿವೇಶನಗಳಾದ ಮೇಲೆ ವಕೀಲರ ಒಂದು ಸಹಿಯ ಮೇಲೆ ಲಕ್ಷಗಟ್ಟಲೆ ಹಣ ಓಡಾಡುತ್ತಿದೆ. ಪಹಣಿ, ಮುಟೇಷನ್, ಋಣಭಾರ ಪತ್ರ ನೋಡಿದರೆ ಇಲ್ಲಿ ಸಾಲದು. ಜಮೀನಿನ ಮೂಲ ಪರಿಶಿಷ್ಟ ಜಾತಿ, ಪಂಗಡದವರಿಗಾದ ಮಂಜೂರಾತಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಅಂಥ ಜಮೀನು ಮರಳಿಸಿ ಎಂದು ಬಹಳ ವರ್ಷ ಕಳೆದ ಮೇಲೆ ಹಾಕಿದ ಅರ್ಜಿಯನ್ನು ಪುರಸ್ಕರಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಅಂಥ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿತು. ದಲಿತ ಕುಟುಂಬಗಳ ಜಮೀನು ಉಳಿಸಲು ಬಂದ ಆ ತಿದ್ದುಪಡಿ ನ್ಯಾಯವಾದದ್ದು. ಆದರೆ ಹಳೆಯ ಸಾಗುವಳಿ ಚೀಟಿಯನ್ನು ತರಿಸಿ ನೋಡದೆ ‘ಹಕ್ಕು ಸರಿಯಿದೆ’ ಎಂದು ಬರೆದ ವಕೀಲರ ಅಭಿಪ್ರಾಯಪತ್ರ ಇಂದು ಇಬ್ಬರನ್ನೂ ಮುಳುಗಿಸಬಲ್ಲದು, ಮೂಲ ಮಂಜೂರಾತಿದಾರನನ್ನೂ ಕೊಂಡವನನ್ನೂ. ತಪ್ಪು ಅಭಿಪ್ರಾಯ ಕೊಟ್ಟ ಮಾತ್ರಕ್ಕೆ ವಕೀಲರು ಸಂಚಿನಲ್ಲಿ ಭಾಗಿಯೆಂದು ಕ್ರಿಮಿನಲ್ ಮೊಕದ್ದಮೆ ಹೂಡಲಾಗದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಅದೇ ತೀರ್ಪು ನಿರ್ಲಕ್ಷ್ಯದ ಹೊಣೆಯನ್ನು ತೆಗೆದುಹಾಕಿಲ್ಲ. ಯಾವ ದಾಖಲೆ ನೋಡಿದೆ, ಯಾವುದು ಸಿಗಲಿಲ್ಲ ಎಂದು ಅಭಿಪ್ರಾಯಪತ್ರದಲ್ಲೇ ಬರೆಯುವುದು ಎಲ್ಲರಿಗೂ ಒಳ್ಳೆಯದು.

ಇನ್ನೊಂದು, ಪಾಲು ವಿಭಾಗದ ರಾಜಿ. ಅಣ್ಣತಮ್ಮಂದಿರು ಒಟ್ಟಾಗಿ ಒಬ್ಬರೇ ವಕೀಲರ ಬಳಿ ಬರುತ್ತಾರೆ, ಅಕ್ಕತಂಗಿಯರ ಸಹಿಯನ್ನೂ ತಾವೇ ತರುತ್ತೇವೆನ್ನುತ್ತಾರೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಗೊಂದಲಕ್ಕೆ ತೆರೆ ಎಳೆದ ಮೇಲೆ ಹಿತಾಸಕ್ತಿಗಳು ಬೇರೆಯಾಗಿರುವ ಇಬ್ಬರಿಗೆ ಒಬ್ಬರೇ ವಕೀಲರು ನಿಲ್ಲುವುದು ಅಪಾಯಕ್ಕೆ ಆಹ್ವಾನ. ರಾಜಿ ಡಿಕ್ರಿಯಾದ ಮೇಲೆ ಅದನ್ನು ಪ್ರಶ್ನಿಸಿ ಪ್ರತ್ಯೇಕ ದಾವೆ ಹೂಡಲು ಬರುವುದಿಲ್ಲ. ಓದಿ ಹೇಳದೆ ಸಹಿ ಹಾಕಿಸಿದ ರಾಜಿ ಪತ್ರಕ್ಕೆ ಆ ತಂಗಿ ಜೀವನಪೂರ್ತಿ ಬೆಲೆ ತೆರಬೇಕಾಗುತ್ತದೆ. ಆಕೆಯನ್ನು ಪ್ರತ್ಯೇಕವಾಗಿ ಕರೆದು, ಪಾಲು ಇಷ್ಟು, ಬಿಟ್ಟುಕೊಡುತ್ತಿರುವುದು ಇಷ್ಟು, ಬೇಕಿದ್ದರೆ ಬೇರೆ ವಕೀಲರನ್ನು ಕೇಳಿ ಎಂದು ಹೇಳಿ, ಹೇಳಿದ್ದನ್ನು ಬರೆದಿಡಬೇಕು.

ಎಷ್ಟು ಎಚ್ಚರವಿದ್ದರೂ ಮನುಷ್ಯರು ತಪ್ಪುತ್ತಾರೆ. ಹಾಗೆ ತಪ್ಪಿದಾಗ ರೈತನ ನಷ್ಟ ತುಂಬಲು ವಕೀಲರ ಮನೆ ಮಾರಿಸಬೇಕಿಲ್ಲ, ಅದಕ್ಕೇ ವೃತ್ತಿ ಹೊಣೆಗಾರಿಕೆ ವಿಮೆ ಇರುವುದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1978ರಿಂದ ಖಾಸಗಿ ವಕೀಲಿ ಮಾಡುವ ಪ್ರತಿಯೊಬ್ಬರೂ ವಕೀಲರ ಸಂಘವೇ ನಡೆಸುವ ಹೊಣೆಗಾರಿಕೆ ನಿಧಿಗೆ ಸೇರಲೇಬೇಕು. ಆ ನಿಧಿ ಪರಿಹಾರ ಕೊಟ್ಟು ಸುಮ್ಮನಾಗುವುದಿಲ್ಲ. ಕಚೇರಿ ಹೇಗೆ ನಡೆಸಬೇಕು, ಗಡುವು ಹೇಗೆ ಕಾಯಬೇಕು ಎಂದು ವಕೀಲರಿಗೆ ಉಚಿತವಾಗಿ ಕಲಿಸುತ್ತದೆ. ನಮ್ಮಲ್ಲಿ ಸಾಮಾನ್ಯ ವಿಮಾ ಕಂಪನಿಗಳು ಇಂಥ ಪಾಲಿಸಿ ಕೊಡುತ್ತವೆ, ಆದರೆ ಕಡ್ಡಾಯವಿಲ್ಲ. ವಿಮೆ ಇದೆಯೆಂದು ತಿಳಿದರೆ ಕ್ಲೇಮುಗಳು ಹೆಚ್ಚುತ್ತವೆ, ವಕೀಲರು ಅಸಡ್ಡೆ ಮಾಡುತ್ತಾರೆ ಎಂಬ ಆಕ್ಷೇಪವಿದೆ. ಆದರೆ ಒಂಟಾರಿಯೊದಲ್ಲೂ ಆರೆಗಾನ್‌ನಲ್ಲೂ ವಿಮೆಯೇ ಎಚ್ಚರಿಕೆಯ ಪಾಠಶಾಲೆಯಾಯಿತು. ಕ್ಲೇಮು ಕಡಿಮೆಯಾದಷ್ಟೂ ಎಲ್ಲರ ಕಂತು ಕಡಿಮೆಯಾಗುವುದರಿಂದ ತಪ್ಪು ತಡೆಯುವುದು ಇಡೀ ಸಂಘದ ಹಿತವಾಗುತ್ತದೆ. ಮೋಸಕ್ಕೆ, ಕಕ್ಷಿದಾರನ ಹಣ ನುಂಗಿದ್ದಕ್ಕೆ ಯಾವ ಪಾಲಿಸಿಯೂ ರಕ್ಷಣೆ ಕೊಡುವುದಿಲ್ಲ, ಕೊಡಲೂಬಾರದು. ಇಂಥ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮು ಬಂದ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ ಎಂಬುದನ್ನೂ ನೆನಪಿಡಬೇಕು. ಒಂದು ವರ್ಷ ಕಂತು ಕಟ್ಟಿ ಬಿಟ್ಟರೆ ಹಳೆಯ ತಪ್ಪಿಗೂ ರಕ್ಷಣೆ ಇರುವುದಿಲ್ಲ.

ಒಬ್ಬೊಬ್ಬರೇ ಮಾಡಲು ಹೋದರೆ ಇದು ಕಷ್ಟ. ಸಂಘ ಮನಸ್ಸು ಮಾಡಿದರೆ ಸುಲಭ. ಎಸ್. ನಿಜಲಿಂಗಪ್ಪನವರಂಥವರು ವಕೀಲಿ ನಡೆಸಿದ ಚಿತ್ರದುರ್ಗದ ವಕೀಲರ ಸಂಘ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂಘಗಳನ್ನು ಜೊತೆಗೂಡಿಸಿಕೊಂಡು ಒಂದು ಗುಂಪು ಪಾಲಿಸಿಗೆ ಮಾತುಕತೆ ನಡೆಸಲಿ. ವಕಾಲತ್ತಿನ ಜೊತೆಗೆ ಕೊಡುವ ಹಾಳೆಯ, ತೀರ್ಪಿನ ನಂತರದ ಪತ್ರದ ಕನ್ನಡ ನಮೂನೆಗಳನ್ನು ಮುದ್ರಿಸಿ ಪ್ರತಿ ಸದಸ್ಯರಿಗೂ ಹಂಚಲಿ. ನಗರದ ಸರಸ್ವತಿ ಕಾನೂನು ಕಾಲೇಜು ಕೊನೆಯ ವರ್ಷದವರಿಗೆ ಕಾಲಮಿತಿಯ ರಿಜಿಸ್ಟರ್ ಇಡುವುದನ್ನು ಕಲಿಸಲಿ. ಕಕ್ಷಿದಾರರಿಗೂ ಒಂದು ಮಾತು: ವಕಾಲತ್ತಿಗೆ ಸಹಿ ಹಾಕುವ ದಿನವೇ ಕೇಸಿನ ಸಂಖ್ಯೆ, ಮುಂದಿನ ತಾರೀಖು, ಶುಲ್ಕದ ರಸೀದಿ ಇವುಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ, ನಂಬರ್ ಬದಲಾದರೆ ಅಂದೇ ತಿಳಿಸಿ. ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ವಕೀಲರು ಅದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ.